ನೀಲಿ ಬಾಳೆಹಣ್ಣು

ನವೆಂಬರ್ 5, ಬೆಳಿಗ್ಗೆ 6
ಮತ್ತೆ ಅದೇ ತ್ರಿಕೋನ. ಈ ಗ್ರಾಫಿಕ್ಸ್ ಪುಸ್ತಕದಲ್ಲಿ ಎರಡು ಸಾಲು ಮಾತು, ಎರಡು ಪುಟ ಕೋಡ್. ಎಲ್ಲ ಟೈಪ್ ಮಾಡಿದರೆ ಬರೀ ಕಪ್ಪು ಪರದೆ... ಎಲ್ಲೋ ಒಂದು ಬ್ರಾಕೆಟ್ ನುಂಗಿದ್ದೆ. ಸರಿ ಮಾಡಿದೆ. ತ್ರಿಕೋನ ಬಂತು, ತಿರುಗಿತು. ಅವ್ವನನ್ನು ಕರೆದು ತೋರಿಸಿದೆ.
"ಇದರಿಂದ ಏನ್ ಆಗ್ತದಪಾ?"
ಗೊತ್ತಿಲ್ಲ. ಖುಷಿಯಾಗುತ್ತದೆ, ಸಾಕು. ಒಂಬತ್ತಕ್ಕೆ ಕೆಲಸಕ್ಕೆ, ಸೂಪರ್ ಮಾರ್ಕೆಟ್ ಹತ್ತಿರದ ಫ್ಲೆಕ್ಸ್ ಬ್ಯಾನರ್ ಮುದ್ರಿಸುವ ಅಂಗಡಿಗೆ.

ನವೆಂಬರ್ 9, ಭಾನುವಾರ
ಕಮಲಾಪುರಕ್ಕೆ ಹೆಣ್ಣು ನೋಡಲು ಹೋಗಿದ್ದೆವು. ಶೀಲಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಾತು ಕಡಿಮೆ, ನೋಟ ನೇರ. ಮನಸ್ಸಿಗೆ ಬಂದಳು, ಸುಳ್ಳೇಕೆ.
ಅವಳಪ್ಪ ಅಣವೀರಪ್ಪನವರದು ಕೆಂಪು ಬಾಳೆ ತೋಟ. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಕೋಡ್ ಬರೆದು ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮೂಡಿಸುತ್ತೇನೆ ಎಂದುಬಿಟ್ಟೆ. ನನಗೆ ಬರುವುದು ಒಂದೇ ಒಂದು ತ್ರಿಕೋನ.
"ಹಂಗಾದ್ರ ನಮ್ಮ ಬಾಳಿಹಣ್ಣಿನ ಚಿತ್ರ ತೆಗದು ತೋರಿಸ್ರಿ. ಆಮ್ಯಾಲ ನಿಮ್ಮ ಮನಿ ನೋಡಾಕ ಬರೋ ಮಾತು."
ನಗುತ್ತಲೇ ಹೇಳಿದರು. ಆದರೆ ಹೆಣ್ಣಿನವರು ಮನೆ ನೋಡಲು ಬಂದರೆ ಸಂಬಂಧ ಒಪ್ಪಿದ ಹಾಗೆ. ಶೀಲಾ ನನ್ನನ್ನೇ ನೋಡುತ್ತಿದ್ದಳು.

ನವೆಂಬರ್ 18
ಆಕಾರ ಬಂತು. ಬಾಗಿದ ಕೊಳವೆ, ಎರಡೂ ತುದಿ ಸಣ್ಣ. ಬಣ್ಣಕ್ಕೆ ಮೂರು ಸಂಖ್ಯೆ ಕೊಡಬೇಕು. ಅಂಗಡಿಯಲ್ಲಿ ಕೆಂಪಿಗೆ ಕೊಡುವುದನ್ನೇ ಕಣ್ಣು ಮುಚ್ಚಿಕೊಂಡು ಕೊಟ್ಟೆ — ಬಾಳೆಹಣ್ಣು ತಿಳಿನೀಲಿ.
ತಂಗಿ ಕಸ್ತೂರಿ ಬಿದ್ದು ಬಿದ್ದು ನಕ್ಕಳು. ಫೋಟೋ ತೆಗೆದು ಶೀಲಾಗೆ ಕಳಿಸಿಯೂಬಿಟ್ಟಳು. ಇವಳ ಹತ್ತಿರ ಆ ನಂಬರ್ ಯಾವಾಗ ಬಂತೋ. ನನ್ನ ಮಾನ ಹೋಯಿತು. ಊಟ ಸೇರಲಿಲ್ಲ.

ನವೆಂಬರ್ 19, ಸಂಜೆ
ಶೀಲಾ ಫೋನ್.
"ನಿಮ್ಮ ಅಂಗಡ್ಯಾಗ ಕೆಂಪಿಗೆ ಏನ್ ಹಾಕ್ತೀರಿ?"
"ಸಯಾನ್ ಝೀರೋ, ಮೆಜೆಂಟಾ ಫುಲ್, ಯೆಲ್ಲೋ ಫುಲ್. ತಿಳಿನೀಲಿ, ಗುಲಾಬಿ, ಹಳದಿ — ಮೂರು ಇಂಕ್ ರೀ."
"ಪರದೆ ಮ್ಯಾಲ ಇಂಕ್ ಎಲ್ಲಿ ಅದರಿ? ಅಲ್ಲಿ ಇರೋದು ಬೆಳಕು. ಕೆಂಪು, ಹಸಿರು, ನೀಲಿ."
ಥಟ್ಟನೆ ಹೊಳೆಯಿತು. ಕೆಂಪು ಬೆಳಕನ್ನೇ ಸೊನ್ನೆ ಮಾಡಿ ಹಸಿರು, ನೀಲಿ ಎರಡನ್ನೂ ಪೂರ್ತಿ ತೆರೆದಿದ್ದೆ; ಎರಡೂ ಕೂಡಿ ತಿಳಿನೀಲಿ. ಅಂಗಡಿಯ ಕೈ, ಬುದ್ಧಿಗಿಂತ ಮುಂದೆ ಓಡುತ್ತದೆ.
"ಅಪ್ಪಾರು ನೋಡಿದ್ರೇನ್ರಿ?"
"ನೋಡ್ಯಾರ. ಇನ್ನೂ ನಗಾಕತ್ತಾರ."

ನವೆಂಬರ್ 20, ಬೆಳಿಗ್ಗೆ
ಕೆಂಪು. ಅಪ್ಪಟ ಕೆಂಪು. ಶೀಲಾಗೆ ಕಳಿಸಿದೆ. ಉತ್ತರವಿಲ್ಲ.

ನವೆಂಬರ್ 30, ಭಾನುವಾರ, 10 ಗಂಟೆ
ಇಷ್ಟು ದಿನ ಗ್ರಾಫಿಕ್ಸ್ ಪುಸ್ತಕ ತೆರೆಯಲಿಲ್ಲ, ಮನಸ್ಸಿರಲಿಲ್ಲ. ಇವತ್ತು ತೆರೆದೆ. ನೆರಳಿನ ಅಧ್ಯಾಯ. ಅವ್ವ ಬೆಳಿಗ್ಗೆಯಿಂದ ಅವಲಕ್ಕಿ ಹುರಿದು ಚೂಡಾ ಮಾಡುತ್ತಿದ್ದಾಳೆ. ಯಾಕೆ ಎಂದು ಕೇಳಿದರೆ ಸುಮ್ಮನೆ ನಗುತ್ತಾಳೆ.
ಈಗ ಶೀಲಾ ಮೆಸೇಜ್: "ನೀವು ತೆಗದಿದ್ದು ಕುಂಕುಮದಂಗ ಅದ. ನಮ್ಮ ಹಣ್ಣು ಅಷ್ಟು ಕೆಂಪಲ್ಲ. ಒಂದು ಚಿಪ್ಪು ಹಣ್ಣು ತರಾಕತ್ತೀನಿ. ಪಕ್ಕದಾಗ ಇಟ್ಕೊಂಡು ಇಬ್ರೂ ಕೂಡಿ ಬಣ್ಣ ಹಚ್ಚೋಣು."
ತರುತ್ತಾಳೆ... ಎಲ್ಲಿಗೆ?
ಬಾಗಿಲಲ್ಲಿ ಆಟೋ. ಕಸ್ತೂರಿ ಕೂಗುತ್ತಿದ್ದಾಳೆ — "ಅಣ್ಣಾ, ಕಮಲಾಪುರದವ್ರು ಬಂದ್ರು." ನಾನಿನ್ನೂ ಲುಂಗಿಯಲ್ಲಿದ್ದೇನೆ. ಇಸ್ತ್ರಿ ಮಾಡಿದ ಅಂಗಿ ಎಲ್ಲಿ—