ಟೆಂಡರಿನಲ್ಲಿ ಕಲ್ಲು, ಅರ್ಜಿಯಲ್ಲಿ ಕಸ

ಮರುಬಳಕೆಯ ಜಲ್ಲಿಗಾಗಿ ಪ್ರಶಸ್ತಿ ಪಡೆದ ಇಲಾಖೆಯ ಮುಖ್ಯಸ್ಥರೇ,

ನನ್ನ ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ಏಳು ವರ್ಷ ಉಸಿರಾಡಿದ ಕಲ್ಲಿನ ಧೂಳು ಅವಳ ಶ್ವಾಸಕೋಶದಲ್ಲಿ ಕೂತಿತ್ತು. ಇದು ಕೆಲಸದಿಂದ ಬಂದ ಕಾಯಿಲೆ ಎಂದು ಒಪ್ಪಿಕೊಳ್ಳಿ ಎಂದು ಅವಳು ಕೊಟ್ಟ ಅರ್ಜಿಯನ್ನು ನಿಮ್ಮ ಕಚೇರಿ ತಿರಸ್ಕರಿಸಿತು. ಅರ್ಜಿದಾರಳು ಕೆಲಸ ಮಾಡುತ್ತಿದ್ದುದು ಕಲ್ಲಿನಲ್ಲಲ್ಲ, ತ್ಯಾಜ್ಯದಲ್ಲಿ ಎಂಬುದು ಕೊಟ್ಟ ಕಾರಣ. ಈ ಒಂದು ವಾಕ್ಯದ ಬಗ್ಗೆ ನಿಮ್ಮೊಂದಿಗೆ ನಾಲ್ಕು ಜನರ ಎದುರಿಗೇ ಮಾತಾಡಬೇಕೆಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ನಿಮ್ಮ ಯೋಜನೆಯ ವಿರೋಧಿಯಲ್ಲ. ನಿಮ್ಮದೇ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಕಾಂಕ್ರೀಟ್ ಪರೀಕ್ಷೆ ಮಾಡಿದವನು. ಕೆಡವಿದ ಕಟ್ಟಡಗಳ ಅವಶೇಷವನ್ನು ಒಡೆದು, ಜರಡಿ ಹಿಡಿದು, ಹೊಸ ಕಟ್ಟಡಕ್ಕೆ ಜಲ್ಲಿಯಾಗಿ ಬಳಸಬಹುದೇ ಎಂದು ನೀವು ಕೇಳಿದಾಗ ಅದರ ಕಾಂಕ್ರೀಟ್ ಗಟ್ಟಿಗಳನ್ನು ಇಪ್ಪತ್ತೆಂಟು ದಿನ ನೀರಲ್ಲಿಟ್ಟು, ಯಂತ್ರಕ್ಕೆ ಕೊಟ್ಟು ಒಡೆದು ನೋಡಿದವನು ನಾನೇ. ಈ ಜಲ್ಲಿ ನೀರು ಸ್ವಲ್ಪ ಹೆಚ್ಚು ಕುಡಿಯುತ್ತದೆ, ಅಷ್ಟು ನೋಡಿಕೊಂಡರೆ ಸಾಕು, ಭಾರ ಹೊರುತ್ತದೆ ಎಂದು ಬರೆದು ಸಹಿ ಹಾಕಿದೆ. ಗುಡ್ಡ ಉಳಿಯುತ್ತದೆ, ಕೆರೆಯಂಗಳಕ್ಕೆ ಅವಶೇಷ ಸುರಿಯುವುದು ತಪ್ಪುತ್ತದೆ ಎಂದು ಆವತ್ತು ನಂಬಿದ್ದೆ. ಇವತ್ತೂ ನಂಬುತ್ತೇನೆ. ದುಃಖ ಇರುವುದೇ ಅಲ್ಲಿ. ಕೆಟ್ಟ ಕೆಲಸಕ್ಕೆ ಅಕ್ಕನನ್ನು ಕಳೆದುಕೊಂಡಿದ್ದರೆ ಶಾಪ ಹಾಕಿ ಸುಮ್ಮನಾಗುತ್ತಿದ್ದೆ.

ಅಕ್ಕ ದುಡಿಯುತ್ತಿದ್ದ ಹೊಲಿಗೆ ಅಂಗಡಿ ಮುಚ್ಚಿದಾಗ, ಜಲ್ಲಿ ಘಟಕದಲ್ಲಿ ಹೆಂಗಸರು ಬೇಕಂತೆ, ನೆರಳಲ್ಲಿ ನಿಂತು ಆರಿಸುವ ಕೆಲಸ ಎಂದು ಹೇಳಿ ಕಳಿಸಿದವನು ನಾನು. ಸಾಗುವ ಬೆಲ್ಟಿನ ಎರಡೂ ಬದಿಗೆ ಅಕ್ಕನೂ ಸೇರಿ ಹತ್ತು ಜನ. ಒಡೆದ ಗೋಡೆ, ನೆಲ, ಸೂರು ಎಲ್ಲ ಚೂರಾಗಿ ಬೆಲ್ಟಿನ ಮೇಲೆ ಬರುತ್ತಿತ್ತು. ಮರದ ತುಂಡು, ತಂತಿ, ಗಾಜು, ಜಿಪ್ಸಂ ಇವನ್ನೆಲ್ಲ ಅವರು ಕೈಯಿಂದ ತೆಗೆಯಬೇಕು. ಜಿಪ್ಸಂ ಸೇರಿದರೆ ಕಾಂಕ್ರೀಟ್ ಒಳಗಿಂದೊಳಗೇ ಬಿರುಕು ಬಿಡುತ್ತದೆ ಎಂದು ಒಮ್ಮೆ ಹೇಳಿದ್ದೆ. ಅಲ್ಲಿಂದ ಮುಂದೆ ಅವಳು ಉಗುರಿನಿಂದ ಗೀರಿ ಅದನ್ನು ಪತ್ತೆಹಚ್ಚುತ್ತಿದ್ದಳು. ಜೊತೆಯವರು ಅವಳಿಗೆ ಜರಡಿ ಅಕ್ಕ ಎಂದೇ ಹೆಸರಿಟ್ಟಿದ್ದರು. ಗಾಢ ಗುಲಾಬಿ ಬಣ್ಣದ ಬಚ್ಚಲಿನ ಟೈಲ್ಸ್ ಬಂದರೆ, ಇದನ್ನು ಆರಿಸಿದ ಗಂಡನ ಜೊತೆ ಹೆಂಡತಿ ಒಂದು ವಾರ ಮಾತು ಬಿಟ್ಟಿರಬೇಕು ಎಂದು ಹೇಳಿ ಬೆಲ್ಟಿಗೆ ಬೆಲ್ಟೇ ನಗುವಂತೆ ಮಾಡುತ್ತಿದ್ದಳಂತೆ.

ಒಡೆಯುವ ಯಂತ್ರದ ಮೇಲೆ ನೀರು ಚಿಮುಕಿಸುವ ಕೊಳವೆ ಇರಬೇಕೆಂದು ನಿಮ್ಮ ಷರತ್ತೇ ಹೇಳುತ್ತದೆ. ಕೊಳವೆ ಇತ್ತು. ಆದರೆ ಒದ್ದೆ ಪುಡಿ ಜರಡಿಗೆ ಮೆತ್ತಿಕೊಂಡು ಕೆಲಸ ನಿಧಾನವಾಗುತ್ತದೆ, ಲಾರಿಗಳು ಕಾಯುತ್ತವೆ. ಹಾಗಾಗಿ ನಲ್ಲಿ ಬಂದ್. ನಿಮ್ಮ ತಪಾಸಣಾಧಿಕಾರಿಗಳು ಎಷ್ಟು ಸಜ್ಜನರೆಂದರೆ ಹಿಂದಿನ ದಿನವೇ ಫೋನ್ ಮಾಡಿ ಬರುತ್ತಿದ್ದರು. ಆ ಒಂದು ದಿನ ನೀರು ಬರುತ್ತಿತ್ತು, ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕೂ ಬರುತ್ತಿತ್ತು. ನಾನೂ ಮಾದರಿ ತರಲು ಹೋಗುತ್ತಿದ್ದೆ. ಮೂಗಿಗೆ ಕರವಸ್ತ್ರ ಹಿಡಿದು, ಹತ್ತು ನಿಮಿಷದಲ್ಲಿ ಚೀಲ ತುಂಬಿಕೊಂಡು ಹೊರಡುತ್ತಿದ್ದೆ. ಜಲ್ಲಿಯಲ್ಲಿ ಪುಡಿ ಎಷ್ಟಿದೆ ಎಂದು ಅಳೆದು ಬರೆದೆ. ಗಾಳಿಯಲ್ಲಿ ಎಷ್ಟಿದೆ ಎಂದು ಒಂದು ದಿನವೂ ಕೇಳಲಿಲ್ಲ. ಈ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಇದು ನನ್ನದು.

ಆರನೆಯ ವರ್ಷ ಕೆಮ್ಮು ಶುರುವಾಯಿತು. ಕ್ಷಯ ಎಂದು ಎಂಟು ತಿಂಗಳು ಮಾತ್ರೆ ನುಂಗಿಸಿದರು. ಮೂರನೆಯವರಾಗಿ ನೋಡಿದ ವೈದ್ಯೆ ಮಾತ್ರ, ಏನು ಕೆಲಸ ಮಾಡ್ತೀರಮ್ಮ ಎಂದು ಕೇಳಿದರು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ.

ಈ ಜಲ್ಲಿಯಿಂದಲೇ ಕಟ್ಟಿದ, ನಿಮಗೆ ಪ್ರಶಸ್ತಿ ತಂದುಕೊಟ್ಟ ಗ್ರಂಥಾಲಯವನ್ನು ನೋಡಬೇಕೆಂದು ಅವಳಿಗೆ ಆಸೆ. ಉದ್ಘಾಟನೆಗೆ ಬೆಲ್ಟಿನವರನ್ನು ಕರೆದಿರಲಿಲ್ಲ. ಒಂದು ಮಧ್ಯಾಹ್ನ ನಾವಿಬ್ಬರೇ ಹೋದೆವು. ಮೊದಲ ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಮೂರು ಕಡೆ ಕೂತಳು. ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ಬಂದು ನೀರು ಕೊಟ್ಟಳು. ಅಕ್ಕ ಗೋಡೆಯ ಮೇಲೆ ಅಂಗೈ ಇಟ್ಟು, "ಎಷ್ಟು ನುಣ್ಣಗಿದೆ ನೋಡೋ. ಒಂದು ಬಿರುಕಿಲ್ಲ," ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಕೆಳಗೆ ಬಾಗಿಲ ಬಳಿ, ಈ ಕಟ್ಟಡದಿಂದ ಯಾವ ಜೀವಿಗೂ ಹಾನಿಯಾಗಿಲ್ಲ ಎಂಬರ್ಥದ ಫಲಕ ನೀವೇ ಹಾಕಿಸಿದ್ದೀರಿ.

ಆಮೇಲೆ ಅರ್ಜಿ. ಗಣಿ ಮತ್ತು ಕಲ್ಲು ಒಡೆಯುವವರಿಗೆ ಮಾತ್ರ ಈ ಕಾಯಿಲೆ ಪಟ್ಟಿಯಲ್ಲಿದೆ, ಜಲ್ಲಿ ಘಟಕ ತ್ಯಾಜ್ಯ ನಿರ್ವಹಣೆಯಲ್ಲಿ ಬರುತ್ತದೆ ಎಂದು ನಿಮ್ಮ ಗುಮಾಸ್ತರು ವಿನಯದಿಂದಲೇ ವಿವರಿಸಿದರು. ಮಾನ್ಯರೇ, ಟೆಂಡರ್ ಕರೆದಾಗ ಅದು ಕಲ್ಲು. ಗಟ್ಟಿ ಕಲ್ಲಿಗೆ ಸಮ ಎಂದು ಬರೆಸಿಕೊಳ್ಳಲು ನನ್ನ ಸಹಿ ಬೇಕಾಯಿತು. ಅದೇ ಕಲ್ಲು ಅಕ್ಕನ ಎದೆಯೊಳಗೆ ಹೋದ ಮೇಲೆ ಕಸವಾಯಿತೇ? ಎಷ್ಟನೆಯ ಪಕ್ಕೆಲುಬಿನ ಹತ್ತಿರ ಅದು ಜಾತಿ ಬದಲಿಸುತ್ತದೆ? ಹಾಗೆ ಅಳೆಯುವ ಯಂತ್ರ ನಮ್ಮ ಪ್ರಯೋಗಾಲಯದಲ್ಲಂತೂ ಇರಲಿಲ್ಲ.

ಅರ್ಜಿ ತಿರಸ್ಕರಿಸಿದ ಪತ್ರವನ್ನು ಓದಿ ಹೇಳಿದಾಗ ಅವಳು ಅಳಲಿಲ್ಲ. ಆಗಲೇ ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದಳು.

"ನನ್ನದು ಬಿಡು. ಆ ಒಂಬತ್ತು ಜನ ಇನ್ನೂ ಅಲ್ಲೇ ಇದ್ದಾರೆ. ನಿನ್ನ ಸಹಿ ಇಲ್ಲದೆ ಜಲ್ಲಿ ಹೊರಡಲ್ಲ ಅಂತಿದ್ದೆಯಲ್ಲ?"

ಮರುದಿನದಿಂದ ನಾನು ಸಹಿ ಹಾಕಲಿಲ್ಲ. ಘಟಕದ ಗಾಳಿಯ ಧೂಳು ಅಳೆದ ವರದಿ ಜೊತೆಗಿದ್ದರೆ ಮಾತ್ರ ಹಾಕುತ್ತೇನೆ ಎಂದು ಬರೆದುಕೊಟ್ಟೆ. ಹದಿನೈದನೆಯ ದಿನ ನನ್ನನ್ನು ಉಗ್ರಾಣಕ್ಕೆ ವರ್ಗ ಮಾಡಿದಿರಿ. ನನ್ನ ಕುರ್ಚಿಯಲ್ಲಿ ಕೂತ ಹೊಸಬರು ಸಹಿ ಹಾಕುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ; ಹತ್ತೊಂಬತ್ತು ವರ್ಷ ನಾನೂ ಹಾಗೇ ಇದ್ದೆ. ವರ್ಗವಾದ ವಾರವೇ ಅಕ್ಕ ಹೋದಳು. ಅಕ್ಕನಿಗೆ ಇದನ್ನು ಹೇಳಿರಲಿಲ್ಲ. ನೀರು ಬಿಡಿಸಿದೆಯಾ ಎಂದು ಕೇಳಿದಾಗ ಹೂಂ ಎಂದಿದ್ದೆ.

ಆ ಸುಳ್ಳನ್ನು ನಿಜ ಮಾಡುವುದು ನಿಮ್ಮ ಕೈಯಲ್ಲಿದೆ. ಜಲ್ಲಿಯ ಬಲದ ವರದಿಯ ಜೊತೆ ಗಾಳಿಯ ವರದಿಯೂ ಇಲ್ಲದಿದ್ದರೆ ಖರೀದಿಸುವುದಿಲ್ಲ ಎಂದು ಒಂದು ಸಾಲಿನ ಆದೇಶ ಹೊರಡಿಸಿ. ಫೋನ್ ಮಾಡದೆ ತಪಾಸಣೆಗೆ ಹೋಗಿ. ಈ ಹೆಂಗಸರನ್ನು ಕಲ್ಲು ಒಡೆಯುವವರ ಪಟ್ಟಿಗೆ ಸೇರಿಸಿ. ಒಂಬತ್ತು ಜನರನ್ನೂ ಆ ವೈದ್ಯೆಯ ಬಳಿ ಕರೆದೊಯ್ದಿದ್ದೆ. ಇಬ್ಬರ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಗಳು ಕಂಡಿವೆ. ಒಬ್ಬಳಿಗೆ ಇನ್ನೂ ಇಪ್ಪತ್ತಾರು. ಮಗಳಿಗೆ ಹಾಲು ಬಿಡಿಸಿಲ್ಲ. ಅವರ ಅರ್ಜಿಗಳು ಸೋಮವಾರ ನಿಮ್ಮ ಮೇಜಿಗೆ ಬರುತ್ತವೆ. ಅವರಿಬ್ಬರೂ ಬದುಕಿದ್ದಾರೆ, ಮಾನ್ಯರೇ. ಉತ್ತರ ಬೇಗ ಬರೆಯಿರಿ.

ಇಂತಿ,
ನಿಮ್ಮದೇ ಉಗ್ರಾಣದಿಂದ,
ಸಹಿಗೆ ಈಗ ಬೆಲೆಯಿಲ್ಲದ ಒಬ್ಬ ಪರೀಕ್ಷಕ