ಫ್ಯಾನಿನ ಕೆಳಗೆ ಶಾಲು

ಅಕ್ಕಾ,

ನೀವು ತೀರಿಕೊಂಡ ಮೇಲೆ ಆಫೀಸಿನ ಫ್ಯಾನಿನ ಜಗಳದಲ್ಲಿ ಕೊನೆಗೂ ನಾನೇ ಗೆದ್ದೆ. ಈಗ ಅದು ಜೋರಾಗಿಯೇ ತಿರುಗುತ್ತದೆ.

ಇವತ್ತು ಟೀ ಹೊತ್ತಿಗೆ, ನಿಮ್ಮ ಕುರ್ಚಿಯ ಮೇಲೇ ಉಳಿದಿದ್ದ ಶಾಲನ್ನು ಕಿವಿ ಮುಚ್ಚುವಂತೆ ಹೊದ್ದು, ನಿಮ್ಮ ಹಾಗೆಯೇ ಸೀನಿ, "ಆ ಗಾಳಿ ನಿಲ್ಸ್ರಮ್ಮಾ, ಜೀವ ಹೋಗ್ತಿದೆ" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ತಟ್ಟನೆ ನಿಂತಾಗ ತಿರುಗಿ ನೋಡಿದೆ. ನಿಮ್ಮ ಸಾಮಾನು ಒಯ್ಯಲು ಬಂದ ನಿಮ್ಮ ಮಗಳು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಚಳೀನಾ ಆಂಟಿ?" ಎಂದಳು. ನನ್ನ ಆಟವನ್ನು ಕಂಡಿದ್ದಳೋ ಇಲ್ಲವೋ, ಮುಖ ನೋಡಿ ತಿಳಿಯಲಿಲ್ಲ.

"ಹೂಂ" ಎಂದೆ.

"ಹಾಗಿದ್ರೆ ಶಾಲು ನೀವೇ ಇಟ್ಕೊಳ್ಳಿ" ಎಂದು ಫ್ಯಾನ್ ಆರಿಸಿ, ನಿಮ್ಮ ಲೋಟವನ್ನಷ್ಟೇ ತೆಗೆದುಕೊಂಡು ಹೋದಳು.

ಸಂಜೆಯವರೆಗೂ ಬೆವರುತ್ತಲೇ ಕೂತಿದ್ದೆವು ಅಕ್ಕಾ. ಫ್ಯಾನ್ ಹಾಕಲು ಯಾರೂ ಏಳಲಿಲ್ಲ. ಶಾಲು ತೆಗೆಯಲು ನನಗೆ ಧೈರ್ಯ ಬರಲಿಲ್ಲ.