ಕುಂಬಿಯಿಲ್ಲದ ಹಡಗು

ಸವಣೂರು
ದಿ. 14-11-1987

ಚಿ. ಸೌ. ಕರೆವ್ವನಿಗೆ ನಿನ್ನ ಮಾವ ಭರಮಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಎರಡೂ ಕಾಗದ ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ನೀನು ತಡಸಕ್ಕೆ, ತವರಿಗೆ ಹೋಗಿ ಆರು ತಿಂಗಳಾಯಿತು. ‘ಆಕಿ ಮುನಿಸ್ಕೊಂಡಿರ್ತಾಳ, ಎರಡು ಸಾಲರ ಬರೀರಿ’ ಎಂದು ನಿನ್ನ ಅತ್ತೆ ಹುಚ್ಚವ್ವ ದಿನಾ ಕುಟುಕುತ್ತಾಳೆ. ಅಂಗಡಿಯಲ್ಲಿ ಕೆಲಸ ಬಹಳ ಎಂದು ನೆವ ಹೇಳೋಣವೆಂದರೆ ಅದೂ ಇಲ್ಲ. ಈಗ ಎಲ್ಲರ ಕೈಯಲ್ಲೂ ಶೆಲ್ಲಿನ ಗಡಿಯಾರ. ಕೀಲಿ ಕೊಡುವ ಗಡಿಯಾರ ಹಿಡಿದುಕೊಂಡು ಬರುವವರೆಲ್ಲ ನನ್ನಂಥ ಮುದುಕರು. ಅವರಿಗೂ ರಿಪೇರಿಗಿಂತ ಹರಟೆಯೇ ಹೆಚ್ಚು.

ನಿಜ ಹೇಳಬೇಕೆಂದರೆ ನನ್ನ ಹೊತ್ತನ್ನೆಲ್ಲ ಆ ಹಡಗು ತಿನ್ನುತ್ತಿದೆ. ಮಗ ಉಡಚಪ್ಪ ನೇವಿಯಿಂದ ಹೋದ ಸಲ ರಜೆಗೆ ಬಂದಾಗ ಸಿಂಗಾಪುರದಿಂದ ತಂದ ಪೆಟ್ಟಿಗೆ ನಿನಗೆ ನೆನಪಿರಬೇಕು. ಅದರ ಉದ್ದ ನೋಡಿ ‘ಎಷ್ಟು ಸೀರಿ ತಂದಾರೋ’ ಎಂದು ನೀನು ಅತ್ತೆಯ ಕಿವಿಯಲ್ಲಿ ಹೇಳಿದ್ದೆ. ತೆಗೆದು ನೋಡಿದರೆ ಬೂದು ಪ್ಲಾಸ್ಟಿಕ್ಕಿನ ಸಾವಿರ ಚೂರು. ನಿನ್ನ ಮುಖ ಸಣ್ಣದಾಗಿದ್ದು ನೋಡಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ತಾನು ಕೆಲಸ ಮಾಡುವಂಥದ್ದೇ ಹಡಗು, ಬೆನ್ನ ಮೇಲೆ ವಿಮಾನ ಹೊತ್ತು ತಿರುಗುವುದು, ಕೂಡಿಸಿದರೆ ಎರಡು ಮೊಳಕ್ಕೂ ಹೆಚ್ಚು ಉದ್ದ ಆಗುತ್ತದೆ ಎಂದು ವಿವರಿಸಿದ. ‘ಅಪ್ಪಾ, ನೀ ಒಬ್ಬಾವನ ಕೈ ಹಚ್ಚಬ್ಯಾಡ. ಮುಂದಿನ ರಜಾಕ್ಕ ಬರ್ತೇನಿ, ಇಬ್ಬರೂ ಕೂಡಿ ಮಾಡೂಣು’ ಎಂದು ಹೇಳಿಯೂ ಹೋದ.

ಹೋದ ವರ್ಷ ಆಗಸ್ಟಿನಲ್ಲಿ ತಂತಿ ಬಂತು. ಸಮುದ್ರದಲ್ಲಿ ಕಾಣೆಯಾಗಿದ್ದಾನೆ ಎಂದು. ಆಮೇಲೆ ಬಂದ ಇಂಗ್ಲಿಷ್ ಕಾಗದವನ್ನು ಪೋಸ್ಟ್ ಮಾಸ್ತರರು ಓದಿ ಹೇಳಿದಾಗ ನೀನೂ ಅಲ್ಲೇ ಬಾಗಿಲ ಹಿಂದೆ ನಿಂತಿದ್ದೆ. ‘ಬಹುಶಃ’ ಎಂಬ ಮಾತು ಅದರಲ್ಲಿ ಇತ್ತು. ಸರಕಾರದವರೇ ಬಹುಶಃ ಎಂದಮೇಲೆ ನಾವು ಯಾಕೆ ಖಾತ್ರಿ ಮಾಡಿಕೊಳ್ಳಬೇಕು? ಮೂರು ತಿಂಗಳು ಪೆಟ್ಟಿಗೆ ಮುಟ್ಟಲಿಲ್ಲ. ದೀಪಾವಳಿ ಕಳೆದ ಮೇಲೆ, ಬರುವಷ್ಟರಲ್ಲಿ ಮುಗಿದಿರಲಿ ಎಂದು ಶುರು ಹಚ್ಚಿಕೊಂಡೆ.

ಪ್ಲಾಸ್ಟಿಕ್ ಕೆಲಸ ಹುಡುಗರಾಟ. ಕಷ್ಟವಿರುವುದು ಅದರ ಜೊತೆ ಬಂದ ಹಿತ್ತಾಳೆ ತಗಡಿನಲ್ಲಿ. ಚಿತ್ರ ಬರೆದು ಅದರ ಫೋಟೋ ತೆಗೆದು, ತಗಡಿನ ಮೇಲೆ ಮೂಡಿಸಿ ಆ್ಯಸಿಡ್‌ನಲ್ಲಿ ಕೊರೆದದ್ದಂತೆ. ಏಣಿ, ಕಂಬಿ, ರಾಡಾರಿನ ಜಾಲರಿ, ಎಲ್ಲವೂ ಒಂದೇ ಹಾಳೆಯಲ್ಲಿ ತಲೆಗೂದಲಿನಷ್ಟು ಸಣ್ಣಗೆ. ಗಾಜಿನ ಮೇಲಿಟ್ಟು ಬ್ಲೇಡಿನಿಂದ ಬಿಡಿಸಬೇಕು, ಎರಡು ಬ್ಲೇಡ್ ನಡುವೆ ಹಿಡಿದು ಮಡಚಬೇಕು, ಚಿಮಟಾದಲ್ಲಿ ಎತ್ತಿ ಅಂಟಿಸಬೇಕು. ಸೀನಿದರೆ ಹೋಯಿತು. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹೆಂಗಸರ ಕೈಗಡಿಯಾರದ ಹಲ್ಲು ಜೋಡಿಸಿದ ಕೈ ಇದು, ಇದಕ್ಕೆ ಹೆದರುವುದಿಲ್ಲ.

ಒಂದು ತಪ್ಪು ಮಾತ್ರ ಕಂಡುಹಿಡಿದಿದ್ದೇನೆ. ಹಡಗಿನ ನೆತ್ತಿಯ ಮೇಲೆ, ವಿಮಾನ ಇಳಿಯುವ ಬಯಲಿನ ಸುತ್ತ ಕಂಬಿಯನ್ನೇ ತೋರಿಸಿಲ್ಲ. ನಮ್ಮೂರಲ್ಲಿ ಮಣ್ಣಿನ ಮಾಳಿಗೆಗೂ ಅಂಚಿನಲ್ಲಿ ಮೊಳಕಾಲೆತ್ತರ ಕುಂಬಿ ಕಟ್ಟುತ್ತಾರೆ, ಮಲಗಿದವರು ಹೊರಳಿ ಬೀಳಬಾರದೆಂದು. ಇಷ್ಟು ಮಂದಿ ಓಡಾಡುವ ಜಾಗಕ್ಕೆ ಕುಂಬಿ ಬೇಡವೇ? ನಕಾಶೆ ಬರೆದವನು ಮರೆತಿದ್ದಾನೆ. ಹಾಳೆಯಲ್ಲಿ ಉಳಿದ ಕಂಬಿ ಬಳಸಿ ನಾನೇ ಹಾಕುತ್ತಿದ್ದೇನೆ.

ಇನ್ನು ನಿನ್ನ ಅಣ್ಣ ಗುಡ್ಡಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದ. ನಿನಗೆ ಗೊತ್ತಿದ್ದೇ ಬಂದನೋ, ಗೊತ್ತಿಲ್ಲದೆಯೋ, ಕೇಳಲಿಲ್ಲ. ‘ಮಾವಾರ, ತಂಗೀಗೆ ಸೀರಿ ಉಡಿಸಿ, ಉಡಿಕಿ ಮಾಡಿ ಎರಡನೇ ಸಂಬಂಧಕ್ಕ ಕೊಡಬೇಕಂತೇವ್ರಿ. ಹಿರೇಕೆರೂರಾಗ ಒಂದು ಮನಿ ಐತಿ. ಹುಡುಗ ಹತ್ತಿ ಜಿನ್ನಿನ್ಯಾಗ ಅದಾನ, ಮೊದಲಿನಾಕಿ ತೀರಿಕೊಂಡಾಳ’ ಎಂದ. ಸರಕಾರದ ಕಾಗದ ಸರಕಾರಕ್ಕೆ, ದೈವದ ಪಂಚಾಯಿತಿಗೆ ಕೂಡುವ ನಮ್ಮ ಹಿರಿಯರು ಅದನ್ನು ಒಪ್ಪುವುದಿಲ್ಲವಂತೆ. ಹಡೆದ ಅಪ್ಪ ತಾನಾಗಿ ಹೇಳಬೇಕಂತೆ, ಮಗ ಇನ್ನಿಲ್ಲ ಎಂದು. ‘ನೀವು ಅನ್ನೂತನಾ ಯಾರೂ ಆಕಿಗೆ ಸೀರಿ ಉಡಸಂಗಿಲ್ಲರಿ.’ ನಾನು ಹಡಗು ತೋರಿಸಿ, ‘ಇದು ಮುಗೀಲಿ, ಆಮ್ಯಾಲೆ ನೋಡೂಣು’ ಎಂದೆ. ಅವರು ಮುಖ ಮುಖ ನೋಡಿಕೊಂಡು ಎದ್ದು ಹೋದರು.

ಬಂಕಾಪುರದ ಸಿರಾಜುದ್ದೀನ, ಅದೇ, ಉಡಚಪ್ಪನ ಹಡಗಿನಲ್ಲಿದ್ದವನು, ದೀಪಾವಳಿಗೆ ಬಂದಿದ್ದನೇ ಎಂದು ಕೇಳಿದ್ದೀ. ಬಂದಿದ್ದ. ಚಹಾ ಕುಡಿದು ಹೋದ. ವಿಶೇಷವೇನೂ ಹೇಳಲಿಲ್ಲ.

ನಿನ್ನ ತಾಯಿಗೆ ನಮಸ್ಕಾರ ತಿಳಿಸು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಮಾವ,
ಭರಮಪ್ಪ

ತಾ.ಕ.: ಬಸ್ಸಿನವರ ಕೈಯಲ್ಲಿ ಖಾರಾ, ವೀಳ್ಯದೆಲೆ ಕಳಿಸಿದ್ದೇನೆ. ಖಾರಾ ಬಿಸಿ ಇದ್ದಾಗಲೇ ಕಟ್ಟಿಸಿದ್ದು, ಮೆತ್ತಗಾಗಿದ್ದರೆ ಬಸ್ಸಿನವರ ತಪ್ಪು.

———

ಸವಣೂರು
ದಿ. 26-2-1989

ಮಗಳು ಕರೆವ್ವನಿಗೆ ಭರಮಪ್ಪನ ಆಶೀರ್ವಾದಗಳು.

ನಿನ್ನ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಮಗಳು ಎಂದು ಬರೆದೆ. ಅದರಲ್ಲಿ ತಪ್ಪಿಲ್ಲವಲ್ಲ.

ಈ ಹದಿನೈದು ತಿಂಗಳಲ್ಲಿ ನೀನು ಒಂಬತ್ತು ಕಾಗದ ಹಾಕಿದ್ದೀ. ನಾನು ಹಾಕಿದ್ದು ನಾಲ್ಕು, ಆ ನಾಲ್ಕರಲ್ಲೂ ಹಡಗಿನ ಪುರಾಣವೇ. ನಿನಗೆ ಎಷ್ಟು ಬೇಸರವಾಗಿರಬೇಕು! ಒಮ್ಮೆಯೂ ‘ಮಾವಾ, ಸಾಕು ಮಾಡ್ರಿ’ ಎಂದು ಬರೆಯಲಿಲ್ಲ. ಬರೆದಿದ್ದರೆ ಚೆನ್ನಾಗಿತ್ತು. ನೀನು ಬೈಯುವವಳಲ್ಲ ಎಂದು ಗೊತ್ತಿದ್ದೇ ನಾನು ಇಷ್ಟು ದಿನ ಎಳೆದೆನೇನೋ.

ಹಡಗು ಹೋದ ಮಳೆಗಾಲದಲ್ಲೇ ಮುಗಿಯುವಷ್ಟಾಗಿತ್ತು. ಸೈಕಲ್ ಅಂಗಡಿಯ ಜಮಾಲಸಾಬ ಬೂದು ಬಣ್ಣ ಕಲಸಿಕೊಟ್ಟ. ರಾಡಾರು ನಿಂತಿತು, ಏಣಿಗಳು ಕೂತವು, ಸುತ್ತಲೂ ನಾನು ಹಾಕಿದ ಕುಂಬಿ ಬಂಗಾರದ ಅಂಚಿನ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಬಣ್ಣ ಬಳಿಯಲು ನನಗೆ ಮನಸ್ಸಾಗಲಿಲ್ಲ. ಬಂದವರೆಲ್ಲ ಬಾಗಿ ನೋಡಿ ‘ಭಾರಿ ಆಗೇತ್ರಿ’ ಎನ್ನುವವರೇ. ಉಳಿದದ್ದು ವಿಮಾನಗಳು ಮಾತ್ರ. ಅವನ್ನು ಇಡಲು ಹೋದಾಗ ನನಗೆ ಗೊತ್ತಾಯಿತು: ನಕಾಶೆಯಂತೆ ವಿಮಾನಗಳ ಬಾಲ ಅಂಚಿನಿಂದ ಹೊರಗೆ ಚಾಚಿಕೊಂಡಿರಬೇಕು. ಕುಂಬಿ ಇದ್ದರೆ ನಿಲ್ಲುವುದಿಲ್ಲ. ಕುಂಬಿ ತೆಗೆದರೆ ವಿಮಾನಗಳು ನಿಲ್ಲುತ್ತವೆ, ಹಡಗು ಮುಗಿಯುತ್ತದೆ. ಹಡಗು ಮುಗಿದರೆ ನಿನ್ನ ಅಣ್ಣನಿಗೆ ನಾನು ಮಾತು ಕೊಡಬೇಕು. ಹಾಗಾಗಿ ವಿಮಾನಗಳನ್ನು ಬೆಂಕಿಪೆಟ್ಟಿಗೆಗಳಲ್ಲಿ ತುಂಬಿಟ್ಟೆ. ಕೇಳಿದವರಿಗೆಲ್ಲ ಇನ್ನೂ ಬಹಳ ಕೆಲಸ ಇದೆ ಎಂದು ಹೇಳುತ್ತ ಬಂದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸಂಕ್ರಾಂತಿಯ ಮರುದಿನ ಗುಡ್ಡಪ್ಪ ಮತ್ತೆ ಬಂದ. ಈ ಸಲ ಹಿರೇಕೆರೂರಿನ ಆ ಜಿನ್ನಿನ ಮಂಜಪ್ಪನೂ ಜೊತೆಯಲ್ಲಿದ್ದ. ಅವನನ್ನು ನೋಡಬಾರದೆಂದು ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂತೆ. ಕೆಲಸದ ನೆವಕ್ಕೆ ಹಡಗಿನಿಂದ ಬಿಡಿಸಿಟ್ಟ ಏಣಿಯೊಂದನ್ನು ಸಿಟ್ಟಿನಲ್ಲಿ ಚಿಮಟಾದಿಂದ ಒತ್ತಿ ಹಿಡಿದೆ, ಅದು ಸಿಡಿದು ಉದುರಿತು. ಎಳ್ಳಿನಷ್ಟು ವಸ್ತು, ನೆಲದ ಮೇಲೆ ಬಿದ್ದರೆ ಮುಗಿಯಿತು. ಆ ಮನುಷ್ಯ ಮೊಳಕಾಲೂರಿ ಕೂತ, ಬೆರಳು ಒದ್ದೆ ಮಾಡಿಕೊಂಡು ನೆಲದ ಮೇಲೆ ಮೆಲ್ಲಗೆ ಆಡಿಸಿದ, ಏಣಿಯನ್ನು ಎತ್ತಿ ನನ್ನ ಗಾಜಿನ ಮೇಲಿಟ್ಟ. ‘ಹತ್ತಿಯೊಳಗ ಸಣ್ಣ ಕಸಾ ಆರಿಸಿ ರೂಢಿ ಐತ್ರಿ’ ಎಂದ. ಆಮೇಲೆ ಹಡಗನ್ನು ಬಹಳ ಹೊತ್ತು ನೋಡಿ ಹೇಳಿದ: ‘ಯಜಮಾನರ, ನನ್ನ ಸಲುವಾಗಿ ಗಡಬಡಿ ಮಾಡಬ್ಯಾಡ್ರಿ. ನಾ ಕಾಯ್ತೇನಿ. ಆದ್ರ ಆಕಿ ಎಷ್ಟಂತ ಕಾಯಬೇಕ್ರಿ?’

ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು, ಕರೆವ್ವಾ. ಬೈದು ಕಳಿಸುತ್ತಿದ್ದೆ. ಗುಡ್ಡಪ್ಪ ಮಾತ್ರ ಹೊರಗೆ ಬಂದ ಮೇಲೆ ಹೇಳಿದ, ಮಂಜಪ್ಪನ ಮನೆಯವರು ಯುಗಾದಿ ದಾಟಿದರೆ ಬೇರೆ ಕಡೆ ನೋಡುತ್ತಾರಂತೆ.

ಅವರು ಹೋದ ಮೇಲೆ ನಿನ್ನ ಅತ್ತೆ ನನ್ನ ಮುಂದೆ ಬಂದು ನಿಂತಳು. ಮೂವತ್ತೈದು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಉಪ್ಪಿನಕಾಯಿ ವಿಷಯಕ್ಕೆ ಮಾತ್ರ. ‘ನಿಮ್ಮ ಮಗನ ಹಾದಿ ನೀವು ಕಾಯ್ರಿ, ನಾನೂ ಕಾಯ್ತೇನಿ. ನಾವು ಹಡದವರು. ಆ ಕೂಸಿನ್ಯಾಕ ಗೂಟಕ್ಕ ಕಟ್ಟೀರಿ? ನಲವತ್ತು ದಿನಾ ಬಾಳೇವು ಮಾಡ್ಯಾಳ ಆಕಿ’ ಎಂದಳು. ಲೆಕ್ಕ ಹಾಕಿದೆ. ಎರಡು ರಜೆ ಸೇರಿ ನಲವತ್ತೂ ಪೂರ್ತಿ ಆಗುವುದಿಲ್ಲ.

ಆದರೂ ತಿಂಗಳ ಮೇಲಾಯಿತು ನನಗೆ ಧೈರ್ಯ ಬರಲು. ಇವತ್ತು ಮುಂಜಾನೆ ಸ್ನಾನ ಮಾಡಿ ಬಂದು ಕೂತು, ಬ್ಲೇಡಿನ ತುದಿಯಿಂದ ಕುಂಬಿಯನ್ನು ಕೀಳತೊಡಗಿದೆ. ಹಾಕುವಾಗ ಮೂರು ತಿಂಗಳು ಹಿಡಿದಿತ್ತು, ಕೀಳಲು ಮೂರು ತಾಸು ಹಿಡಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದೊಂದು ತುಂಡು ಬರುವಾಗಲೂ ಟಕ್ ಎಂದು ಸಣ್ಣ ಸಪ್ಪಳ. ನಿನ್ನ ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನೋಡಿದಳು, ಮತ್ತೆ ಒಲೆಯ ಕಡೆ ಹೋದಳು. ಆಮೇಲೆ ವಿಮಾನಗಳನ್ನು ಒಂದೊಂದಾಗಿ ಅಂಟಿಸಿದೆ, ನಕಾಶೆಯಲ್ಲಿ ಇದ್ದ ಹಾಗೆಯೇ, ಬಾಲ ಹೊರಗೆ ಚಾಚಿ. ಹಡಗು ಮುಗಿದಿದೆ. ಎಷ್ಟು ದೊಡ್ಡ ಹಡಗು, ಅದರ ಮೇಲೆ ಒಬ್ಬ ಮನುಷ್ಯನೂ ಇಲ್ಲ. ಪೆಟ್ಟಿಗೆಯಲ್ಲಿ ಮನುಷ್ಯರನ್ನು ಅವರು ಕೊಟ್ಟೇ ಇರಲಿಲ್ಲ. ಈಗ ಅದನ್ನು ನೋಡಲು ನನ್ನಿಂದ ಆಗುತ್ತಿಲ್ಲ, ಮೇಲೊಂದು ಧೋತರ ಹೊದಿಸಿದ್ದೇನೆ.

ನೀನು ಮಂಜಪ್ಪನ ಮನೆಗೆ ಹೋಗು. ನನ್ನದೂ ನಿನ್ನ ಅತ್ತೆಯದೂ ಪೂರ್ಣ ಒಪ್ಪಿಗೆ ಇದೆ. ಯುಗಾದಿಗೆ ಮೊದಲೇ ದೈವ ಕೂಡಿಸಲು ಗುಡ್ಡಪ್ಪನಿಗೆ ಹೇಳು. ನಾನು ಬಂದೇ ಹೇಳಬೇಕಿತ್ತು, ಆದರೆ ಅಷ್ಟು ಜನರ ಮುಂದೆ ನನ್ನ ನಾಲಿಗೆ ಹೊರಳುತ್ತದೆ ಎಂಬ ನಂಬಿಕೆ ನನಗಿಲ್ಲ. ನನ್ನ ಕೈಬರಹ, ಸಹಿ ಇದ್ದರೆ ನಡೆಯುತ್ತದೆ ಎಂದು ಗುಡ್ಡಪ್ಪ ಆವತ್ತೇ ಹೇಳಿದ್ದ. ಉಡಿಕೆಯ ಸೀರೆಯನ್ನು ಮಾತ್ರ ನಿನ್ನ ಅತ್ತೆ ಕೊಡುತ್ತಾಳಂತೆ. ಅದು ಪದ್ಧತಿ ಅಲ್ಲ ಎಂದು ಹಿರಿಯರು ಅಂದರೆ, ಅವರು ಬಂದು ಹುಚ್ಚವ್ವನ ಎದುರು ಅನ್ನಲಿ.

ನಿನಗೆ ಮಕ್ಕಳಾಗಲಿ, ಮನೆ ತುಂಬಲಿ. ನೂರು ವರ್ಷ ಬಾಳು ತಾಯಿ. ಸವಣೂರಿನ ಹಾದಿ ಮರೆತರೆ ನಮಗೆ ಬೇಸರವಿಲ್ಲ, ನೆನಪಾದರೆ ಬಾ.

ಭರಮಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲಿನದನ್ನೆಲ್ಲ ಓದಿ ನೋಡಿದೆ, ಹಿರಿಯರು ಕೇಳುವ ಮಾತನ್ನು ಮಾತ್ರ ಎಲ್ಲಿಯೂ ಬರೆದಿಲ್ಲ.

ಸಿರಾಜುದ್ದೀನನ ವಿಷಯದಲ್ಲಿ ನಾನು ನಿನಗೆ ಸುಳ್ಳು ಬರೆದಿದ್ದೆ. ಆ ಹುಡುಗ ಚಹಾ ಮುಟ್ಟಲಿಲ್ಲ. ಅವನು ಕಣ್ಣಾರೆ ಕಂಡಿದ್ದ. ಸಂಜೆ, ಜೋರು ಗಾಳಿ, ಅವನೂ ಉಡಚಪ್ಪನೂ ಮೇಲೆ ವಿಮಾನಕ್ಕೆ ಸರಪಳಿ ಬಿಗಿಯುತ್ತಿದ್ದರಂತೆ. ಹಡಗು ಒಮ್ಮೆಲೇ ವಾಲಿತಂತೆ. ‘ಕಾಕಾ, ಅಂಚಿನ್ಯಾಗ ಹಿಡ್ಕೊಳ್ಳಾಕ ಏನೂ ಇರಲಿಲ್ಲರಿ. ನೀರಾಗ ಒಮ್ಮೆ ಕೈ ಎತ್ತಿದಾ. ಆಮ್ಯಾಲೆ ಕಾಣಲಿಲ್ಲ. ಎರಡು ದಿನಾ ಹುಡುಕಿದ್ವಿ. ಕರೆವ್ವಕ್ಕಗ ಹೇಳ್ರಿ, ಹಾದಿ ನೋಡಬ್ಯಾಡ ಅಂತ’ ಎಂದು ಅತ್ತ. ನಾನು ಅವನ ಎರಡೂ ಕೈ ಹಿಡಿದು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. ನನ್ನ ಬಾಯಿಂದ ಹೊರಟರೆ ಆಗ ಅವನು ಸತ್ತಹಾಗೆ ಎನ್ನಿಸಿತು. ನಾನು ಹೇಳುವವರೆಗೆ ಇರುತ್ತಾನೆ ಎನ್ನಿಸಿತು. ಅಷ್ಟಕ್ಕಾಗಿ ನಿನ್ನನ್ನು ಒಂದೂವರೆ ವರ್ಷ ಸುಳ್ಳಿನ ಬಾಗಿಲಲ್ಲಿ ಕೂರಿಸಿದೆ. ಸಿರಾಜನನ್ನು ಬೈಯಬೇಡ, ನನ್ನನ್ನು ಬೈ.

ಈಗ ಒಂದು ತಾಸಿನ ಹಿಂದೆ ನಿನ್ನ ಅತ್ತೆಗೂ ಎಲ್ಲ ಹೇಳಿದೆ. ಗೋಡೆಗೆ ಒರಗಿ ಕೂತಳು. ಅಳುತ್ತಾಳೆ ಎಂದುಕೊಂಡೆ. ‘ಅಳೂದು ಆಮ್ಯಾಲೆ. ಮದಲ ಆಕಿಗೆ ಬರೀರಿ’ ಎಂದಳು. ಬರೆಯುತ್ತಿದ್ದೇನೆ. ಕೆಳಗಿನದನ್ನು ಗುಡ್ಡಪ್ಪ ದೈವದ ಮುಂದೆ ಗಟ್ಟಿಯಾಗಿ ಓದಲಿ.

ನನ್ನ ಮಗ ಉಡಚಪ್ಪ ಸತ್ತಿದ್ದಾನೆ. ಅವನನ್ನು ಹಡೆದ ಅಪ್ಪ ನಾನು, ನಾನೇ ಹೇಳುತ್ತಿದ್ದೇನೆ.

ಭರಮಪ್ಪ